ಪ್ರೌಢಶಾಲೆಯಲ್ಲಿ ಚರ್ಚಾಕೂಟ: ಗ್ರಾಮ ಪಂಚಾಯತಿಯ ಹೊಣೆ

ಮಕ್ಕಳ ಗ್ರಾಮಸಭೆಗಳಲ್ಲಿ ಎಷ್ಟೋ ಕಡೆ ಒಂದೇ ದೃಶ್ಯ ಕಾಣಸಿಗುತ್ತದೆ. ಅಧ್ಯಕ್ಷರು ಹಾಗೂ ಅಭಿವೃದ್ಧಿ ಅಧಿಕಾರಿಗಳು ವೇದಿಕೆಯ ಮೇಲಿರುತ್ತಾರೆ. ನಾಲ್ಕೈದು ಮಕ್ಕಳು ಚೀಟಿ ನೋಡಿ ಓದಿ ಕುಳಿತುಕೊಳ್ಳುತ್ತಾರೆ. ಚೀಟಿಯಲ್ಲಿರುವುದು ಹಲವು ವೇಳೆ ಶಿಕ್ಷಕರ ಮಾತು. "ಶೌಚಾಲಯಕ್ಕೆ ನೀರಿಲ್ಲ" ಎಂದ ಬಾಲಕಿಗೆ "ಎಷ್ಟು ದಿನದಿಂದ? ಮೋಟಾರು ಕೆಟ್ಟಿದೆಯೋ, ಪೈಪು ಒಡೆದಿದೆಯೋ?" ಎಂಬ ಮರುಪ್ರಶ್ನೆ ಬಂದರೆ ಉತ್ತರ ಹೊರಡುವುದಿಲ್ಲ. ಅವಳಿಗೆ ಸಂಗತಿ ತಿಳಿದಿಲ್ಲವೆಂದಲ್ಲ. ಹಿರಿಯರೆದುರು ನಿಂತು ಮರುಮಾತು ಹೇಳಿ ರೂಢಿಯಿಲ್ಲ. ಬೇಡಿಕೆಯು ನಡವಳಿ ಪುಸ್ತಕದಲ್ಲಿ ಒಂದು ಸಾಲಾಗಿ ದಾಖಲಾಗಿ ಅಲ್ಲಿಯೇ ಉಳಿಯುತ್ತದೆ. ಈ ರೂಢಿಯನ್ನು ವರ್ಷಕ್ಕೊಂದು ಸಭೆಯಲ್ಲಿ ಕಲಿಸಲಾಗದು. ಅದಕ್ಕೆ ಶಾಲೆಯೊಳಗೆ ನಿಯತವಾಗಿ ನಡೆಯುವ ಚರ್ಚಾಕೂಟವೇ ತಕ್ಕ ದಾರಿ.

ಚರ್ಚಾ ಸ್ಪರ್ಧೆ ನಮ್ಮ ಶಾಲೆಗಳಿಗೆ ಹೊಸದಲ್ಲ. ಪ್ರತಿಭಾ ಕಾರಂಜಿಯಲ್ಲಿ ಅದಕ್ಕೆ ಸ್ಥಾನವಿದೆ. ಆದರೆ ಸ್ಪರ್ಧೆಗೆ ಶಾಲೆಯಿಂದ ಹೋಗುವವರು ಒಬ್ಬಿಬ್ಬರು. ಅವರು ಮೊದಲೇ ಮಾತು ಬಲ್ಲವರು, ಬಾಯಿಪಾಠ ಮಾಡಿದ ಭಾಷಣವನ್ನು ಒಪ್ಪಿಸಿ ಬರುವವರು. ಕೂಟದ ಉದ್ದೇಶ ಬೇರೆ. ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತ ಮಗುವಿಗೂ ಅಲ್ಲಿ ಸರದಿ ಬರಬೇಕು.

ಕೂಟ ನಡೆಯುವ ಕ್ರಮ ಸರಳವಾದುದು. ಠರಾವು ಎಂಬ ಪದ ಸದಸ್ಯರಿಗೆ ಪರಿಚಿತವೇ ಆಗಿದೆ. ಚರ್ಚೆಯ ವಿಷಯವನ್ನೂ ಠರಾವಿನಂತೆಯೇ ಒಂದು ಖಚಿತ ವಾಕ್ಯದಲ್ಲಿ ಬರೆಯಬೇಕು. "ವಿಜ್ಞಾನ ವರವೋ ಶಾಪವೋ" ಎಂಬಂತಹ ವಿಷಯಗಳು ತಲೆಮಾರುಗಳಿಂದ ಸವೆದುಹೋಗಿವೆ. ಅವುಗಳ ಉತ್ತರ ಗೈಡುಗಳಲ್ಲಿಯೇ ದೊರೆಯುತ್ತದೆ. ಅದರ ಬದಲು "ಸಂತೆಯ ದಿನ ಶಾಲೆಯ ಮೈದಾನದಲ್ಲಿ ವಾಹನ ನಿಲ್ಲಿಸಲು ಅವಕಾಶ ಕೊಡಬಾರದು" ಎಂಬ ವಿಷಯವನ್ನು ತೆಗೆದುಕೊಳ್ಳಬಹುದು. ಪರವಾಗಿ ಮಾತನಾಡುವವರು ಮರುದಿನ ಮೈದಾನದಲ್ಲಿ ಉಳಿಯುವ ಕಸ, ಒಡೆದ ಗಾಜು, ತಪ್ಪಿಹೋಗುವ ಆಟದ ಅವಧಿ ಇವುಗಳನ್ನು ಮುಂದಿಡುತ್ತಾರೆ. ವಿರೋಧಿಸುವವರು ರಸ್ತೆ ಕಿರಿದಾದುದನ್ನು, ರಸ್ತೆಯಲ್ಲಿಯೇ ವಾಹನ ನಿಂತರೆ ಆಗುವ ಅಪಘಾತವನ್ನು, ತರಕಾರಿ ಮಾರುವವರು ಇದೇ ಶಾಲೆಯ ಮಕ್ಕಳ ತಂದೆತಾಯಿಯರು ಎಂಬುದನ್ನು ಹೇಳುತ್ತಾರೆ. ಎರಡು ಕಡೆಯಲ್ಲಿಯೂ ಹುರುಳಿದೆ. ಹುರುಳು ಒಂದೇ ಕಡೆ ಇರುವ ವಿಷಯ ಚರ್ಚೆಗೆ ಒದಗುವುದಿಲ್ಲ.

ಯಾರು ಯಾವ ಪಕ್ಷವೆಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದು ಇಡೀ ವ್ಯವಸ್ಥೆಯ ಮುಖ್ಯ ಅಂಶ. ತರಕಾರಿ ಮಾರುವವರ ಮಗನಿಗೆ ನಿಷೇಧದ ಪರವಾಗಿ ಮಾತನಾಡುವ ಸರದಿ ಬರಬಹುದು. ಆಗ ಅವನು ತನಗೊಪ್ಪದ ವಾದದ ಒಳಗನ್ನು ಅರಿಯಬೇಕಾಗುತ್ತದೆ. ಎದುರಿನವನು ಹಗೆಯಲ್ಲ, ಚೀಟಿಯ ಪ್ರಕಾರ ನಿಂತವನು ಎಂಬುದೂ ಮನವರಿಕೆಯಾಗುತ್ತದೆ. ಪ್ರತಿ ಪಕ್ಷದಲ್ಲಿ ಮೂವರು, ಒಬ್ಬೊಬ್ಬರಿಗೆ ಮೂರು ನಿಮಿಷ, ಬಳಿಕ ಎದುರು ಪಕ್ಷದ ಮಾತಿಗೆ ಉತ್ತರ ಕೊಡಲು ತಲಾ ಎರಡು ನಿಮಿಷ. ಅಧ್ಯಕ್ಷತೆ ಮತ್ತು ಸಮಯಪಾಲನೆ ವಿದ್ಯಾರ್ಥಿಗಳದೇ. ಉತ್ತರ ಕೊಡುವ ಮುನ್ನ ಎದುರಿನವರ ಮಾತನ್ನು ಸ್ವಂತ ಮಾತಿನಲ್ಲಿ ಒಮ್ಮೆ ಹೇಳಬೇಕೆಂಬ ನಿಯಮವಿಟ್ಟರೆ ಕಿವಿಗೊಟ್ಟು ಕೇಳುವ ಅಭ್ಯಾಸ ತಾನಾಗಿ ಬರುತ್ತದೆ.

ಭಾರತೀಯ ನ್ಯಾಯಶಾಸ್ತ್ರವು ಈ ಬಗೆಯ ಮಾತುಕತೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರಾಗಿ ವಿಂಗಡಿಸುತ್ತದೆ. ಸತ್ಯವನ್ನು ಅರಿಯಲು ನಡೆಯುವುದು ವಾದ. ಗೆಲ್ಲುವುದಕ್ಕಾಗಿಯೇ ನಡೆಯುವುದು ಜಲ್ಪ. ಸ್ವಂತ ಪಕ್ಷವನ್ನು ಸ್ಥಾಪಿಸದೆ ಎದುರಿನವರದನ್ನು ಖಂಡಿಸುವುದಷ್ಟೇ ವಿತಂಡ. ಮೂರನೆಯದರ ಪರಿಚಯ ಪಂಚಾಯತಿ ಸಭೆಗಳಿಗೂ ಇಲ್ಲದಿಲ್ಲ. ಕರಾವಳಿ ಮತ್ತು ಮಲೆನಾಡಿನ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಬರೆದಿಟ್ಟ ಸಂಭಾಷಣೆಯಿಲ್ಲದೆ, ಪಾತ್ರದ ನಿಲುವನ್ನು ಸ್ಥಳದಲ್ಲಿಯೇ ಸಮರ್ಥಿಸಿಕೊಳ್ಳುತ್ತಾರೆ. ಇಂದು ರಾಮನಾದವರು ನಾಳೆ ವಾಲಿಯಾಗಬಹುದು. ಚೀಟಿ ಎತ್ತುವ ಪದ್ಧತಿಗೆ ಇದಕ್ಕಿಂತ ಹತ್ತಿರದ ಮಾದರಿ ಬೇಕಿಲ್ಲ.

ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಪ್ರಾಥಮಿಕ ಹಾಗೂ ಪ್ರೌಢಶಾಲಾ ಶಿಕ್ಷಣವೂ ಗ್ರಂಥಾಲಯವೂ ಸೇರಿವೆ. ಭಾರತವು 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯು, ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಕ್ಕಳಿಗಿದೆಯೆನ್ನುತ್ತದೆ. ಆದುದರಿಂದ ಚರ್ಚಾಕೂಟ ಶಾಲೆಯೊಂದರ ಕೆಲಸವೆಂದು ಪಂಚಾಯತಿ ದೂರ ನಿಲ್ಲುವಂತಿಲ್ಲ. ಖರ್ಚು ಅಲ್ಪ: ಒಂದು ಗಡಿಯಾರ, ಒಂದು ಗಂಟೆ, ಒಂದು ದಾಖಲೆ ಪುಸ್ತಕ. ಹೆಚ್ಚು ಬೇಕಾದುದು ಮಾಹಿತಿ. ಗ್ರಾಮ ಪಂಚಾಯತಿಯ ಗ್ರಂಥಾಲಯ ಮತ್ತು ಅರಿವು ಕೇಂದ್ರದಲ್ಲಿ ಹಳೆಯ ಪತ್ರಿಕೆಗಳನ್ನು ರದ್ದಿಗೆ ಹಾಕದೆ ತಿಂಗಳವಾರು ಇರಿಸಿದರೆ ಮಕ್ಕಳಿಗೆ ಆಧಾರ ಸಿಗುತ್ತದೆ. ಸಂತೆಯ ಕರ ಎಷ್ಟು, ಅದು ಯಾವುದಕ್ಕೆ ವಿನಿಯೋಗವಾಯಿತು ಎಂದು ಮಕ್ಕಳು ಕೇಳಿಕೊಂಡು ಬಂದರೆ ಲೆಕ್ಕ ತೋರಿಸುವುದು ಕಚೇರಿಯ ಕರ್ತವ್ಯ.

ಸಮಯದ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಶಾಲೆ ಬಿಟ್ಟ ಮೇಲೆ ಕೂಟ ನಡೆಸಿದರೆ ಬಸ್ಸಿಗೆ ಓಡುವ ಪಕ್ಕದ ಹಳ್ಳಿಗಳ ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ಮೊದಲ ವಾರವೇ ಹೊರಗುಳಿಯುತ್ತಾರೆ. ಮುಖ್ಯೋಪಾಧ್ಯಾಯರೊಡನೆ ಸಮಾಲೋಚಿಸಿ ಹದಿನೈದು ದಿನಕ್ಕೊಮ್ಮೆ ವೇಳಾಪಟ್ಟಿಯೊಳಗಿನ ಒಂದು ಅವಧಿಯನ್ನೇ ಮೀಸಲಿಡುವುದು ಲೇಸು. ಜೂನ್‌ನಲ್ಲಿ ಆರಂಭಿಸಿ ಡಿಸೆಂಬರ್‌ವರೆಗೆ ನಡೆಸಿದರೆ ಹತ್ತನೆಯ ತರಗತಿಯವರ ಪರೀಕ್ಷಾ ಸಿದ್ಧತೆಗೆ ತೊಡಕಾಗದು. ಭಾಷೆಯ ವಿಷಯದಲ್ಲಿಯೂ ಬಿಗಿ ಬೇಡ. ಮನೆಯ ಮಾತಿನ ಧಾಟಿಗೆ ನಗು ಎದ್ದ ದಿನ ಆ ಮಗು ಮತ್ತೆ ಎದ್ದು ನಿಲ್ಲುವುದಿಲ್ಲ. ಲಂಬಾಣಿ, ತುಳು, ಉರ್ದು ಮನೆಮಾತಿನ ಮಕ್ಕಳಿಗೆ ಈ ಅಳುಕು ಇನ್ನೂ ಹೆಚ್ಚು. ಜಾತಿ, ಧರ್ಮ ಅಥವಾ ಊರಿನ ಯಾವುದೇ ವ್ಯಕ್ತಿಯನ್ನು ಗುರಿಯಾಗಿಸುವ ವಿಷಯ ಕೂಡದೆಂಬುದನ್ನು ಮೊದಲೇ ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು.

ಸದಸ್ಯರು ಕೂಟಕ್ಕೆ ಬಂದಾಗ ಹಾರ, ಸನ್ಮಾನ, ಅತಿಥಿ ಭಾಷಣಗಳಿಗೆ ಅವಧಿ ವ್ಯಯವಾಗಬಾರದು. ನಲವತ್ತು ನಿಮಿಷದಲ್ಲಿ ಇಪ್ಪತ್ತು ಹಾಗೆ ಹೋದರೆ ಉಳಿಯುವುದೇನು? ಕೇಳುಗರ ಸಾಲಿನಲ್ಲಿ ಕುಳಿತುಕೊಳ್ಳಬೇಕು. ಪಂಚಾಯತಿಯ ಕೆಲಸವನ್ನು ಮಗುವೊಂದು ಟೀಕಿಸಿದರೆ ಅಲ್ಲಿಯೇ ಸಮಜಾಯಿಷಿ ಕೊಡಲು ಏಳಬಾರದು, ಸಂಜೆ ಪೋಷಕರನ್ನು ಕರೆದು ಕೇಳುವುದಂತೂ ಸಲ್ಲದು. ಅಂತಹ ಒಂದು ಪ್ರಸಂಗ ಸಾಕು, ಮುಂದಿನ ವಾರ ಕೂಟ "ಪರಿಸರ ಸಂರಕ್ಷಣೆ"ಯ ಬಾಯಿಪಾಠಕ್ಕೆ ಮರಳುತ್ತದೆ.

ವರ್ಷದ ಚರ್ಚೆಗಳಲ್ಲಿ ಊರಿಗೆ ಸಂಬಂಧಿಸಿದ ಎರಡು ಮೂರನ್ನು ಆರಿಸಿ, ಎರಡೂ ಪಕ್ಷದ ವಾದಗಳ ಸಾರಾಂಶದೊಡನೆ ಮಕ್ಕಳ ಗ್ರಾಮಸಭೆಯ ಮುಂದಿಡಬಹುದು. ಸಭೆಯ ನಡವಳಿಯಲ್ಲಿ ಬೇಡಿಕೆಯ ಜೊತೆಗೆ ಅದರ ಕಾರಣಗಳನ್ನೂ, ಪಂಚಾಯತಿಯ ಉತ್ತರವನ್ನೂ, ಕ್ರಮ ಕೈಗೊಳ್ಳುವ ದಿನಾಂಕವನ್ನೂ ಬರೆದು, ಅದರ ಒಂದು ಪ್ರತಿಯನ್ನು ಶಾಲೆಯ ಸೂಚನಾ ಫಲಕಕ್ಕೆ ಕಳುಹಿಸತಕ್ಕದ್ದು.