ನಿಮಗಿದು ಗೊತ್ತೆ? ವೈಫೈ ದಾರಿಯನ್ನು ನೀವೇ ಆರಿಸಬಹುದು

ಅಡುಗೆಮನೆಯಲ್ಲಿ ಮೈಕ್ರೋವೇವ್ ಓವನ್ ಹಚ್ಚಿದೊಡನೆ ಪಕ್ಕದ ಕೋಣೆಯ ಲ್ಯಾಪ್‌ಟಾಪಿನಲ್ಲಿ ವೈಫೈ ತಡವರಿಸುವುದುಂಟು. ಓವನ್ ಕೆಲಸ ಮಾಡುವುದು ಸುಮಾರು 2.45 ಗಿಗಾಹರ್ಟ್ಸ್‌ನಲ್ಲಿ, ವೈಫೈನ ಹಳೆಯ ತರಂಗಪಟ್ಟಿ ಇರುವುದೂ ಅಲ್ಲೇ, ಬ್ಲೂಟೂತ್ ಕೂಡ. ಈ 2.4ರ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಅಪಾರ್ಟ್‌ಮೆಂಟಿನ ಹತ್ತಾರು ರೌಟರ್‌ಗಳು ಅಷ್ಟರಲ್ಲೇ ಹೊಂದಿಕೊಳ್ಳಬೇಕು. ವೈಫೈನ ಇನ್ನೊಂದು ಪಟ್ಟಿಯಾದ 5 ಗಿಗಾಹರ್ಟ್ಸ್‌ನಲ್ಲಿ ಜಾಗವೂ ಹೆಚ್ಚು, ವೇಗವೂ ಹೆಚ್ಚು. ಗೋಡೆ ದಾಟುವಾಗ ಮಾತ್ರ ಅದರ ಸಂಕೇತ ಬೇಗ ಸೊರಗುತ್ತದೆ.

ರೌಟರ್ ಎರಡೂ ಪಟ್ಟಿಗಳಿಗೆ ಒಂದೇ ಹೆಸರಿಟ್ಟುಕೊಂಡಿದ್ದರೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ಗೆ ಹೋಗಿ, ವೈಫೈ ಅಡಾಪ್ಟರಿನ ಪ್ರಾಪರ್ಟೀಸ್ ತೆರೆದು, ಅಡ್ವಾನ್ಸ್‌ಡ್ ವಿಭಾಗದಲ್ಲಿ ‘ಪ್ರಿಫರ್ಡ್ ಬ್ಯಾಂಡ್’ ಹುಡುಕಿ, ಬೇಕಾದ ಪಟ್ಟಿಯನ್ನು ಆರಿಸಿ. ಹಲವು ಅಡಾಪ್ಟರ್‌ಗಳಲ್ಲಿ ಇದಿದೆ. ಕಾಣದಿದ್ದರೆ ರೌಟರ್‌ನಲ್ಲೇ ಎರಡು ಪಟ್ಟಿಗೂ ಬೇರೆ ಬೇರೆ ಹೆಸರು ಕೊಟ್ಟು, ಬೇಕಾದ್ದಕ್ಕೆ ಜೋಡಿಸಿಕೊಳ್ಳಿ.