ಎಣ್ಣೆಗಾಯಿಯ ನಾಡಿನಲ್ಲಿ ಚೀಸ್ ಇಲ್ಲದ ಪಾರ್ಮಿಜಾನಾ

ಬದನೆಕಾಯಿಯನ್ನು ಬಕೆಟ್ ನೀರಿಗೆ ಹಾಕಿದರೆ ತೇಲುತ್ತದೆ. ಆಲೂಗಡ್ಡೆ ಮುಳುಗುತ್ತದೆ. ಬದನೆಯ ತೂಕದಲ್ಲಿ ನೂರಕ್ಕೆ 92ರಷ್ಟು ನೀರೇ ಇದ್ದರೂ ಅದು ತೇಲುತ್ತದೆ, ಯಾಕೆಂದರೆ ತಿರುಳಿನ ಜೀವಕೋಶಗಳ ನಡುವೆ ಸಣ್ಣ ಸಣ್ಣ ಸಂದುಗಳಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಅಡುಗೆಮನೆಯಲ್ಲಿ ಬದನೆ ತೋರಿಸುವ ಹಟವೆಲ್ಲ ಈ ಗಾಳಿಯಿಂದಲೇ ಹುಟ್ಟುತ್ತದೆ. ಬಾಣಲೆಗೆ ಹಾಕಿದ ಎಣ್ಣೆ ಕಣ್ಣ ಮುಂದೆಯೇ ಮಾಯವಾಗುವುದು, ಮತ್ತೆ ಸುರಿದರೆ ಅದೂ ಮಾಯವಾಗುವುದು, ಕಡೆಗೆ ಹೋಳು ಮೆತ್ತಗಾಗುವ ಹೊತ್ತಿಗೆ ಕುಡಿದ ಎಣ್ಣೆಯನ್ನು ತಾನೇ ಹೊರಗೆ ಬಿಡುವುದು, ಇವೆಲ್ಲ ಗಾಳಿಯ ಸಂದುಗಳ ಕಥೆ.

ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗದ ಮನೆಗಳಲ್ಲಿ ಈ ಕಥೆಯ ಕೊನೆಯ ಭಾಗ ಎಲ್ಲರಿಗೂ ಗೊತ್ತು. "ಎಣ್ಣಿ ಬಿಡೂತನಕ ಇಳಸಬ್ಯಾಡವಾ" ಎಂದು ಅತ್ತೆ ಸೊಸೆಗೆ ಹೇಳುವ ಮಾತಿನಲ್ಲಿ ಒಂದು ಭೌತಶಾಸ್ತ್ರದ ಪಾಠವಿದೆ. ಹಸಿ ಬದನೆಯ ಜೀವಕೋಶಗಳು ನೀರು ತುಂಬಿ ಬಿಗಿಯಾಗಿರುತ್ತವೆ, ಅವುಗಳ ನಡುವಿನ ಸಂದುಗಳೂ ತೆರೆದೇ ಇರುತ್ತವೆ. ಎಣ್ಣೆ ನೇರ ಅಲ್ಲಿಗೆ ಇಳಿಯುತ್ತದೆ. ಕಾವು ಏರಿದಂತೆ ಕೋಶಗಳ ಗೋಡೆಯನ್ನು ಹಿಡಿದಿಟ್ಟಿರುವ ಪೆಕ್ಟಿನ್ ಸಡಿಲಗೊಳ್ಳುತ್ತದೆ, ಗೋಡೆಗಳು ಕುಸಿಯುತ್ತವೆ, ಸಂದುಗಳು ಮುಚ್ಚಿಹೋಗುತ್ತವೆ. ಒಳಗೆ ಕುಳಿತಿದ್ದ ಎಣ್ಣೆ ಜಾಗವಿಲ್ಲದೆ ಹೊರಬರುತ್ತದೆ. ಅಂದರೆ ಅಂಚಿನಲ್ಲಿ ಎಣ್ಣೆ ಕಂಡಿತೆಂದರೆ ಒಳಗಿನ ತಿರುಳು ಪೂರ್ತಿ ಬೆಂದಿದೆ ಎಂದೇ ಲೆಕ್ಕ. ಥರ್ಮಾಮೀಟರ್ ಬೇಕಿಲ್ಲದ ಪರೀಕ್ಷೆ ಇದು.

ಇಲ್ಲಿನ ಎಣ್ಣೆಗಾಯಿಯನ್ನು ಹತ್ತಿರದಿಂದ ನೋಡಿದರೆ ಇನ್ನೂ ಹಲವು ಜಾಣತನಗಳು ಕಾಣುತ್ತವೆ. ಎಳೆಯ, ಗುಂಡನೆಯ ಕಾಯಿಯನ್ನು ತೊಟ್ಟು ಹಾಗೇ ಬಿಟ್ಟು ನಾಲ್ಕಾಗಿ ಸೀಳುತ್ತಾರೆ. ಹೊರಗಿನ ಸಿಪ್ಪೆ ಮೇಣದ ಪದರ ಹೊದ್ದಿರುವುದರಿಂದ ಅದರ ಮೂಲಕ ಎಣ್ಣೆ ಒಳಗೆ ಹೋಗುವುದಿಲ್ಲ. ಎಣ್ಣೆಗೆ ತೆರೆದಿರುವುದು ಸೀಳು ಮಾತ್ರ. ಆ ಸೀಳಿನಲ್ಲಿ ಹುರಿದ ಶೇಂಗಾ, ಗುರೆಳ್ಳು, ಎಳ್ಳು, ಒಣ ಕೊಬ್ಬರಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಹುಣಸೆ, ಬೆಲ್ಲ, ಮಸಾಲೆ ಖಾರ ಕೂಡಿಸಿ ಅರೆದ ಮಸಾಲೆ ತುಂಬಿರುತ್ತದೆ. ಮಸಾಲೆಯೊಳಗಿನ ಉಪ್ಪು ಒಳಗಿನಿಂದಲೇ ತಿರುಳಿನ ನೀರನ್ನು ಎಳೆಯುತ್ತದೆ. ಮೇಲೊಂದು ತಾಟು ಮುಚ್ಚಿ, ಆ ತಾಟಿನಲ್ಲಿ ನೀರು ಹಾಕುವ ರೂಢಿಯಂತೂ ಬಹಳ ಚೆಂದದ್ದು. ಬಾಣಲೆಯಿಂದ ಎದ್ದ ಹಬೆ ತಣ್ಣಗಿನ ತಾಟಿನ ತಳಕ್ಕೆ ತಾಗಿ ನೀರಾಗಿ ಮತ್ತೆ ಬದನೆಯ ಮೇಲೆಯೇ ಬೀಳುತ್ತದೆ. ತಳ ಹಿಡಿಯುವುದಿಲ್ಲ, ಸುವಾಸನೆ ಹೊರಗೆ ಹೋಗುವುದು ಕಡಿಮೆ. ನಡುವೆ ರಸಕ್ಕೆ ನೀರು ಬೇಕಾದರೆ ತಾಟಿನಲ್ಲಿ ಬಿಸಿಯಾದ ನೀರು ಸಿದ್ಧವಾಗಿರುತ್ತದೆ. ಹಾಲಿಲ್ಲ, ಬೆಣ್ಣೆಯಿಲ್ಲ, ತುಪ್ಪವಿಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗುವ ಬುತ್ತಿಯಲ್ಲಿ ಈ ಪಲ್ಲೆ ಇರಲೇಬೇಕು. ಈಗ ನಗರಗಳಲ್ಲಿ ವೀಗನ್ ಎಂದು ಕರೆಯುವ ಊಟವನ್ನು ಇಲ್ಲಿಯವರು ಹೆಸರಿಡದೆಯೇ ಉಣ್ಣುತ್ತ ಬಂದಿದ್ದಾರೆ.

ತಳಿಗಳಲ್ಲಿಯೂ ಈ ಸೀಮೆ ಶ್ರೀಮಂತ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕುಲಾಂತರಿ ಬಿಟಿ ಬದನೆ ರೂಪಿಸಲು ಆರಿಸಿಕೊಂಡ ನಾಟಿ ತಳಿಗಳಲ್ಲಿ ಕುಡಚಿ ಲೋಕಲ್, ರಬಕವಿ ಲೋಕಲ್ ಕೂಡ ಇದ್ದವು. ಎರಡೂ ಗೋಕಾಕ, ಮೂಡಲಗಿಗಳಿಂದ ದೂರವಲ್ಲದ ಊರುಗಳ ಹೆಸರು. 2010ರ ಫೆಬ್ರುವರಿ 9ರಂದು ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಬಿಟಿ ಬದನೆಗೆ ತಡೆ ಹಾಕಿದರು. ಕುಲಾಂತರಿಯ ಪರ ವಿರೋಧದ ವಾದ ಏನೇ ಇರಲಿ, ಊರಿನ ಹೆಸರು ಹೊತ್ತ ಕಾಯಿ ಸಂತೆಯಲ್ಲಿ ಸಿಕ್ಕರೆ ಬಿಡಬೇಡಿ. ತೊಟ್ಟಿನ ಹಸಿರು ಬಾಡಿರಬಾರದು, ಸಿಪ್ಪೆ ಹೊಳೆಯುತ್ತಿರಬೇಕು, ಹೆಬ್ಬೆರಳಿನಿಂದ ಒತ್ತಿದರೆ ತಗ್ಗು ಮತ್ತೆ ತುಂಬಿಕೊಳ್ಳಬೇಕು. ಬಲಿತ ಕಾಯಿಯ ಬೀಜ ಗಟ್ಟಿ, ಕಹಿಯೂ ಹೆಚ್ಚು.

ಈ ಕಾಯಿಯ ಪೂರ್ವಜರು ಭಾರತ ಮತ್ತು ಅದರ ಪೂರ್ವದ ಏಷ್ಯಾದವರು. ಅರಬರ ಕೈಯಲ್ಲಿ ಪಶ್ಚಿಮಕ್ಕೆ ಸಾಗಿ ಮಧ್ಯಯುಗದಲ್ಲಿ ಸಿಸಿಲಿ, ಸ್ಪೇನ್ ಸೇರಿತು. ಟೊಮ್ಯಾಟೊ, ಮೆಣಸಿನಕಾಯಿ, ಶೇಂಗಾ ಮೂರೂ ಅಮೆರಿಕ ಖಂಡದಿಂದ ಬಂದವು. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಹೆಸರನ್ನು ದೂರದ ಮಾರುಕಟ್ಟೆಗಳಿಗೂ ಒಯ್ದ ಸಂಕೇಶ್ವರಿ ಮೆಣಸಿನಕಾಯಿಯ ಮೂಲವೂ ಅಲ್ಲಿಯದೇ. ಗುರೆಳ್ಳು ಇಥಿಯೋಪಿಯಾದ್ದು. ಹೀಗಾಗಿ ನಮ್ಮ ಎಣ್ಣೆಗಾಯಿಗೂ ದಕ್ಷಿಣ ಇಟಲಿಯ 'ಪಾರ್ಮಿಜಾನಾ'ಕ್ಕೂ ಬಳಗ ಒಂದೇ. ಪಾರ್ಮಿಜಾನಾ ಎಂದರೆ ಬದನೆಯನ್ನು ಬಿಲ್ಲೆಗಳಾಗಿ ಹೆಚ್ಚಿ, ಉಪ್ಪು ಹಚ್ಚಿ, ಕರಿದು, ನಡುನಡುವೆ ಟೊಮ್ಯಾಟೊ ಗೊಜ್ಜು ಮತ್ತು ಚೀಸ್ ಹರಡಿ, ಪದರ ಪದರವಾಗಿ ಜೋಡಿಸಿ ಓವನ್‌ನಲ್ಲಿ ಬೇಯಿಸುವ ಅಡುಗೆ. ನೇಪಲ್ಸ್, ಸಿಸಿಲಿ, ಪಾರ್ಮಾ ಮೂರೂ ಅದನ್ನು ತಮ್ಮದೆನ್ನುತ್ತವೆ.

ನಮ್ಮಲ್ಲಿ ಅನೇಕರು ಅದನ್ನು ಸಸ್ಯಾಹಾರ ಎಂದು ನಂಬಿ ಹೋಟೆಲಿನಲ್ಲಿ ತರಿಸಿಕೊಳ್ಳುತ್ತಾರೆ. ಪಾರ್ಮಿಜಾನೊ ರೆಜ್ಜಾನೊ ಎಂಬ ಅಸಲಿ ಚೀಸ್ ಅದರಲ್ಲಿದ್ದರೆ ಆ ನಂಬಿಕೆ ತಪ್ಪು. ಅದರ ಹಾಲನ್ನು ಒಡೆಯಲು ಬಳಸುವ ರೆನೆಟ್ ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವ. ಲಿಂಗಾಯತ, ಜೈನ ಮನೆತನಗಳು ಹೆಚ್ಚಿರುವ ಬೆಳಗಾವಿ ಜಿಲ್ಲೆಯಲ್ಲಿ ಇದನ್ನು ತಿಳಿಸಿ ಹೇಳುವುದು ಅಗತ್ಯ ಎಂದು ನನಗೆ ಅನಿಸುತ್ತದೆ.

ಚೀಸ್ ತೆಗೆದರೆ ಈ ಅಡುಗೆಯಲ್ಲಿ ಉಳಿಯುವುದೇನು? ಅದಕ್ಕೆ ಮೊದಲು ಚೀಸ್ ಅಲ್ಲಿ ಮಾಡುವ ಕೆಲಸ ಯಾವುದು ಎಂದು ಕೇಳಬೇಕು. ಮುಖ್ಯವಾದದ್ದು ಉಮಾಮಿ. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಎಂಬ ರಸಾಯನಶಾಸ್ತ್ರಜ್ಞ ಸಮುದ್ರಪಾಚಿಯ ಸಾರಿನಿಂದ ಗ್ಲುಟಮೇಟ್ ಬೇರ್ಪಡಿಸಿ, ಸಿಹಿ ಹುಳಿ ಉಪ್ಪು ಕಹಿಗಳ ಸಾಲಿಗೆ ಸೇರದ ಆ ರುಚಿಗೆ ಈ ಹೆಸರಿಟ್ಟ. ಕನಿಷ್ಠ 12 ತಿಂಗಳು ಮಾಗಿದ ಚೀಸ್‌ನಲ್ಲಿ ಪ್ರೋಟೀನ್ ಒಡೆದು ಗ್ಲುಟಮೇಟ್ ಹೇರಳವಾಗಿ ಬಿಡುಗಡೆಯಾಗಿರುತ್ತದೆ. ಶೇಂಗಾದಲ್ಲಿ ನೂರಕ್ಕೆ 25ರಷ್ಟು ಪ್ರೋಟೀನ್ ಇದೆಯಲ್ಲ, ಅದನ್ನೇ ಹಾಕಿದರೆ ಸಾಲದೇ ಎನ್ನಬಹುದು. ಸಾಲದು. ಶೇಂಗಾದ ಗ್ಲುಟಮೇಟ್ ಬಹುಪಾಲು ಪ್ರೋಟೀನ್ ಸರಪಳಿಯೊಳಗೆ ಬಂಧಿಯಾಗಿದೆ, ಬಿಡಿಯಾಗಿರುವ ಗ್ಲುಟಮೇಟನ್ನು ಮಾತ್ರ ನಾಲಿಗೆ ಗುರುತಿಸಬಲ್ಲದು. ಹಾಗಾಗಿ ಆ ಹೊಣೆಯನ್ನು ಟೊಮ್ಯಾಟೊಗೆ ಹೊರಿಸಬೇಕು.

ಮಾಗಿದ ಟೊಮ್ಯಾಟೊದಲ್ಲಿ ಬಿಡಿ ಗ್ಲುಟಮೇಟ್ ಸಾಕಷ್ಟಿದೆ. ಅದು ಎಲ್ಲಿದೆ ಎನ್ನುವುದು ಇನ್ನೂ ಕುತೂಹಲದ ವಿಷಯ. ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಟ್ಟಿ ತಿರುಳಿಗಿಂತ ಬೀಜದ ಸುತ್ತಲಿನ ಲೋಳೆಯಲ್ಲಿಯೇ ಗ್ಲುಟಮೇಟ್ ಹೆಚ್ಚು. ನಯವಾದ ಗೊಜ್ಜಿಗೆಂದು ಬೀಜ ಲೋಳೆಗಳನ್ನು ಹಿಂಡಿ ಚೆಲ್ಲುವವರು ರುಚಿಯನ್ನೇ ಚೆಲ್ಲುತ್ತಿದ್ದಾರೆ. ಟೊಮ್ಯಾಟೊದಲ್ಲಿ ನೂರಕ್ಕೆ 94ರಷ್ಟು ನೀರು. ಗೊಜ್ಜು ಮೂರರಲ್ಲಿ ಒಂದು ಪಾಲಿಗೆ ಇಳಿಯುವವರೆಗೆ ಬತ್ತಿಸಿದರೆ ಪ್ರತಿ ಚಮಚೆಯಲ್ಲಿನ ಗ್ಲುಟಮೇಟ್ ಸುಮಾರು ಮೂರು ಪಟ್ಟಾಗುತ್ತದೆ. ತಾಳ್ಮೆ ಇದ್ದವರಿಗೆ ಚೀಸ್‌ನ ಕೊರತೆ ಅರ್ಧ ಇಲ್ಲೇ ತುಂಬುತ್ತದೆ.

ಜಿಡ್ಡು ಮತ್ತು ಹುರಿದ ಕಂಪಿನ ಕೆಲಸವನ್ನು ಶೇಂಗಾ ನೋಡಿಕೊಳ್ಳುತ್ತದೆ. ಅದರ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಎಣ್ಣೆಯೇ. ಸಣ್ಣ ಉರಿಯಲ್ಲಿ ಹುರಿಯುವಾಗ ಅಮೈನೋ ಆಮ್ಲಗಳೂ ಸಕ್ಕರೆಗಳೂ ಸೇರಿ ಬಣ್ಣ ಮತ್ತು ಪೈರಜೀನ್ ಎಂಬ ಕಂಪಿನ ಅಣುಗಳು ಹುಟ್ಟುತ್ತವೆ. 1912ರಲ್ಲಿ ಫ್ರಾನ್ಸಿನ ಲೂಯಿ ಕಮಿಲ್ ಮೈಯಾರ್ ವಿವರಿಸಿದ ಕ್ರಿಯೆ ಇದು. ಖಡಕ್ ರೊಟ್ಟಿಯ ಅಲ್ಲಲ್ಲಿನ ಕಂದು ಚುಕ್ಕೆಗೂ ಇದೇ ಕಾರಣ. ಒಂದು ಕೆಲಸವನ್ನು ಮಾತ್ರ ಇವು ಯಾವುವೂ ಮಾಡಲಾರವು. ಮೊಜರೆಲ್ಲಾ ಚೀಸ್ ಕರಗಿ ಎಳೆ ಎಳೆಯಾಗಿ ಎಳೆದುಕೊಳ್ಳುವುದು ಕೇಸಿನ್ ಎಂಬ ಹಾಲಿನ ಪ್ರೋಟೀನ್ ಕ್ಯಾಲ್ಸಿಯಂ ಜೊತೆ ಹೆಣೆದ ಬಲೆಯಿಂದ. ಶೇಂಗಾದ ಪ್ರೋಟೀನ್ ಕಾವಿಗೆ ಗಟ್ಟಿಯಾಗುತ್ತದೆ, ಎಳೆ ಬಿಡುವುದಿಲ್ಲ. ಆ ಎಳೆಯನ್ನು ಪಿಷ್ಟ, ಅಂಟು ಬೆರೆಸಿ ನಕಲು ಮಾಡುವುದಕ್ಕಿಂತ ಬಿಟ್ಟುಬಿಡುವುದೇ ಒಳ್ಳೆಯದು. ದಕ್ಷಿಣ ಇಟಲಿಯ ಬಡವರು ಚೀಸ್ ಕೊಳ್ಳಲಾಗದೆ ಬ್ರೆಡ್ಡಿನ ಪುಡಿಯನ್ನು ಎಣ್ಣೆಯಲ್ಲಿ ಹುರಿದು ಉದುರಿಸುತ್ತಿದ್ದರು. ನಮ್ಮಲ್ಲಿ ಅದರ ಜಾಗದಲ್ಲಿ ಕೂರಲು ಜೋಳದ ಖಡಕ್ ರೊಟ್ಟಿ ತಯಾರಾಗಿದೆ.

ಇನ್ನು ಒಲೆಯ ಮುಂದೆ. ನಾಲ್ಕು ಜನಕ್ಕೆ ಅರ್ಧ ಕಿಲೊ ದಪ್ಪ ಬದನೆ, ಮುಕ್ಕಾಲು ಕಿಲೊ ಚೆನ್ನಾಗಿ ಹಣ್ಣಾದ ಟೊಮ್ಯಾಟೊ, 100 ಗ್ರಾಂ ಶೇಂಗಾ, ಎರಡು ಚಮಚೆ ಗುರೆಳ್ಳು, ಒಂದು ಖಡಕ್ ರೊಟ್ಟಿ ಸಾಕು. ಬದನೆಯನ್ನು ಕಿರುಬೆರಳಿನ ಅರ್ಧ ದಪ್ಪಕ್ಕೆ ಉದ್ದುದ್ದ ಹೆಚ್ಚಿ. ಹೆಚ್ಚಿದ ಮೈ ಕಪ್ಪಾಗುವುದು ಅದರಲ್ಲಿರುವ ಕ್ಲೋರೋಜೆನಿಕ್ ಆಮ್ಲ ಗಾಳಿಯ ಆಮ್ಲಜನಕ ಮತ್ತು ಒಂದು ಕಿಣ್ವದ ಜೊತೆ ಸೇರಿದಾಗ. ಕಬ್ಬಿಣದ ಈಳಿಗೆಯಾದರೆ ಕಪ್ಪು ಇನ್ನೂ ಹೆಚ್ಚು. ಹೆಚ್ಚಿದ್ದನ್ನು ಉಪ್ಪುನೀರಿಗೆ ಹಾಕುವ ನಮ್ಮ ಪದ್ಧತಿ ಇದನ್ನು ತಡೆಯುತ್ತದೆ. ಆದರೆ ಈ ಅಡುಗೆಗೆ ನೀರು ಬೇಡ, ಪುಡಿ ಉಪ್ಪನ್ನೇ ಎರಡೂ ಮೈಗೆ ಸವರಿ ಅರ್ಧ ಗಂಟೆ ಜರಡಿಯಲ್ಲಿಡಿ.

ಸ್ವಲ್ಪ ಹೊತ್ತಿನಲ್ಲೇ ಹೋಳುಗಳ ಮೇಲೆ ನೀರಿನ ಮಣಿಗಳು ಮೂಡುತ್ತವೆ. ಹೊರಗಿನ ಉಪ್ಪು ಕೋಶಗಳೊಳಗಿನ ನೀರನ್ನು ಎಳೆಯುತ್ತಿದೆ, ಕೋಶಗಳು ಬಿಗಿ ಕಳೆದುಕೊಂಡು ಜೋಲುತ್ತಿವೆ. ಈಗ ಹೋಳನ್ನು ಬಟ್ಟೆಯ ನಡುವೆ ಒತ್ತಿದರೆ ಗಾಳಿಯ ಸಂದುಗಳು ಕುಸಿದು ಎಣ್ಣೆಯ ದಾರಿ ಮುಚ್ಚುತ್ತದೆ. ಕಹಿ ತೆಗೆಯಲು ಉಪ್ಪು ಹಾಕುತ್ತಾರೆ ಎಂಬ ಮಾತು ಬಳಕೆಯಲ್ಲಿದೆ. ಈಗಿನ ತಳಿಗಳಲ್ಲಿ ಕಹಿಯೇ ಕಡಿಮೆ, ಮತ್ತು ಉಪ್ಪು ಕಹಿಯನ್ನು ನಾಲಿಗೆಯಿಂದ ಮರೆಮಾಡುವುದೇ ಹೆಚ್ಚು. ಎಣ್ಣೆ ಉಳಿಸುವುದೇ ಉಪ್ಪಿನ ದೊಡ್ಡ ಲಾಭ. ಹಬೆಯಲ್ಲಿ ಐದಾರು ನಿಮಿಷ ಇಟ್ಟರೂ ಇದೇ ಕುಸಿತ ಆಗುತ್ತದೆ, ಉಪ್ಪು ಕಡಿಮೆ ತಿನ್ನಬೇಕಾದವರಿಗೆ ಆ ದಾರಿ.

ಒತ್ತಿದ ಹೋಳುಗಳನ್ನು ರೊಟ್ಟಿ ಬೇಯಿಸುವ ಹಂಚಿನ ಮೇಲೆ ಶೇಂಗಾ ಎಣ್ಣೆ ಅಥವಾ ಕುಸುಬಿ ಎಣ್ಣೆ ಸವರಿ ಎರಡೂ ಬದಿ ಕೆಂಪಗೆ ಬೇಯಿಸಿ. ತೆಗೆದ ಕೂಡಲೇ, ಬಿಸಿಯಿರುವಾಗಲೇ, ಕಾಗದದ ಮೇಲೆ ಒರಗಿಸಿ ಎಣ್ಣೆ ಇಳಿಸಬೇಕು. ಸಂದುಗಳು ಮುಚ್ಚಿದ ಹೋಳು ಬೇಯುವಾಗ ಹೊರನುಗ್ಗುವ ಹಬೆ ಎಣ್ಣೆಯನ್ನು ಹೆಚ್ಚು ಒಳಗೆ ಬಿಡುವುದಿಲ್ಲ. ಕೆಳಗಿಳಿಸಿ ತಣ್ಣಗಾಗತೊಡಗಿದಾಗ ಹಬೆ ನೀರಾಗಿ ಒಳಗಿನ ಒತ್ತಡ ಇಳಿಯುತ್ತದೆ, ಮೈಮೇಲಿದ್ದ ಎಣ್ಣೆಯನ್ನು ಹೋಳು ಆಗ ಒಳಕ್ಕೆ ಸೆಳೆದುಕೊಳ್ಳುತ್ತದೆ.

ಗೊಜ್ಜಿಗೆ ಬೆಳ್ಳುಳ್ಳಿಯ ಒಗ್ಗರಣೆ, ಅರ್ಧ ಚಮಚೆ ಸಂಕೇಶ್ವರಿ ಖಾರದ ಪುಡಿ. ಖಾರದ ಕ್ಯಾಪ್ಸೈಸಿನ್, ಕೆಂಪು ಬಣ್ಣ ಎರಡೂ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುವುದರಿಂದ ಪುಡಿಯನ್ನು ಎಣ್ಣೆಗೇ ಹಾಕಿ, ಸೀಯುವ ಮುನ್ನ ಟೊಮ್ಯಾಟೊ ಸುರಿದು ಬತ್ತಿಸಿ. ಹುರಿದ ಶೇಂಗಾದಲ್ಲಿ ಅರ್ಧವನ್ನು ನೀರು ಹಾಕಿ ನುಣ್ಣಗೆ ಅರೆದಿಟ್ಟುಕೊಳ್ಳಿ, ಉಳಿದದ್ದನ್ನು ಗುರೆಳ್ಳಿನೊಂದಿಗೆ ತರಿತರಿಯಾಗಿ ಕುಟ್ಟಿ. ದಪ್ಪ ತಳದ ಪಾತ್ರೆಯಲ್ಲಿ ಗೊಜ್ಜು, ಬದನೆ, ಶೇಂಗಾ ರುಬ್ಬು, ಕುಟ್ಟಿದ ಪುಡಿ, ಹೀಗೆ ಮೂರು ಪದರ ಏರಿಸಿ, ತಾಟು ಮುಚ್ಚಿ ಸಣ್ಣ ಉರಿಯಲ್ಲಿ 20 ನಿಮಿಷ ಬಿಡಿ. ಬದನೆ ಹಂಚಿನ ಮೇಲೆಯೇ ಪೂರ್ತಿ ಮೆತ್ತಗಾಗಿರಬೇಕು ಎಂಬುದನ್ನು ಮರೆಯಬೇಡಿ. ಟೊಮ್ಯಾಟೊದ ಹುಳಿಯಲ್ಲಿ ಪೆಕ್ಟಿನ್ ಬಿಗಿಯಾಗಿಯೇ ಇರುತ್ತದೆ. ಅರೆಬೆಂದ ಹೋಳು ಗೊಜ್ಜಿನೊಳಗೆ ಎಷ್ಟು ಹೊತ್ತು ಕುದಿದರೂ ಚರ್ಮದಂತೆ ಉಳಿಯಬಹುದು.

ಓವನ್ ಇಲ್ಲದ ಮನೆಯಲ್ಲಿ ಗರಿಗರಿಯಾದ ಮೇಲ್ಪದರ ಬರುವುದು ಹೇಗೆ? ಮುಚ್ಚಿದ ಪಾತ್ರೆಯೊಳಗೆ ಹಬೆಯಿದ್ದಷ್ಟು ಹೊತ್ತು ಕಾವು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಲ್ಲಿ ಕಂದು ಬಣ್ಣವೂ ಬಾರದು, ಗರಿಯೂ ಬಾರದು. ಅದಕ್ಕೇ ಖಡಕ್ ರೊಟ್ಟಿಯನ್ನು ಬೇರೆಯಾಗಿ ಕೈಯಿಂದ ಮುರಿದು, ಒಂದು ಚಮಚೆ ಎಣ್ಣೆಯಲ್ಲಿ ಬೆಳ್ಳುಳ್ಳಿ ಜೊತೆ ಹಂಚಿನ ಮೇಲೆ ಹುರಿದಿಟ್ಟು, ಬಡಿಸುವಾಗಲಷ್ಟೇ ಮೇಲೆ ಉದುರಿಸಬೇಕು. ಇಟಲಿಯವರ ಬೇಸಿಲ್ ಎಲೆ ಬೇಕೆನಿಸಿದರೆ ಹಿತ್ತಲಿನ ಕಾಮಕಸ್ತೂರಿ ಅದೇ ಪ್ರಭೇದದ ಗಿಡ. ಅದರ ಕಂಪು ಕಾವಿಗೆ ಹಾರಿಹೋಗುವಂಥದ್ದು, ಉರಿ ಆರಿಸಿದ ಮೇಲೆ ಹರಿದು ಹಾಕಿ.

ಪೌಷ್ಟಿಕತೆಯ ಒಂದು ಮಾತು ಬಾಕಿ ಇದೆ. ಚೀಸ್ ಜೊತೆಗೆ ಕ್ಯಾಲ್ಸಿಯಂ ಕೂಡ ಹೋಗುತ್ತದೆ, ಕುಟ್ಟಿದ ಪುಡಿಗೆ ಸಿಪ್ಪೆ ತೆಗೆಯದ ಎಳ್ಳು ಬೆರೆಸಿದರೆ ಸ್ವಲ್ಪ ತುಂಬಿಕೊಳ್ಳುತ್ತದೆ. ಜೋಳದಲ್ಲೂ ಶೇಂಗಾದಲ್ಲೂ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಪಕ್ಕದಲ್ಲಿ ಮೊಳಕೆ ಬಂದ ಹೆಸರುಕಾಳಿನ ಉಸುಳಿ ಇಟ್ಟರೆ ಊಟ ಪೂರ್ಣವಾಗುತ್ತದೆ. ಪಾತ್ರೆಯನ್ನು ಇಳಿಸಿದ ಮೇಲೆ ಕಾಲು ಗಂಟೆ ಮುಟ್ಟಬೇಡಿ. ಬಿಸಿ ಇಳಿದಂತೆ ಟೊಮ್ಯಾಟೊದ ಪೆಕ್ಟಿನ್ ರಸವನ್ನು ಹಿಡಿದುಕೊಳ್ಳುತ್ತದೆ, ಶೇಂಗಾ ರುಬ್ಬು ಗಟ್ಟಿಯಾಗುತ್ತದೆ, ಪದರಗಳು ಜಾರದೆ ಚಾಕುವಿಗೆ ಅಚ್ಚುಕಟ್ಟಾಗಿ ಸಿಗುತ್ತವೆ. ಬಿಸಿ ರೊಟ್ಟಿ ತಟ್ಟಲು ಆ ಕಾಲು ಗಂಟೆ ಸರಿಯಾಗುತ್ತದೆ.