ಕಾರು ಚಾಲಕನನ್ನು ಕೊಂದವರು ಯಾರು?

‘ದಿ ಬಿಗ್ ಸ್ಲೀಪ್’ ಚಿತ್ರದ ಸಾವುಗಳಲ್ಲಿ ಒಂದರ ಲೆಕ್ಕ ಇಂದಿಗೂ ಚುಕ್ತಾ ಆಗಿಲ್ಲ. ಸತ್ತವನು ಓವನ್ ಟೇಲರ್, ಜನರಲ್ ಸ್ಟರ್ನ್‌ವುಡ್ ಮನೆಯ ಕಾರು ಚಾಲಕ. ಮಳೆಯ ರಾತ್ರಿ ಮನೆಯ ಪ್ಯಾಕರ್ಡ್ ಕಾರು ಲಿಡೊ ಧಕ್ಕೆಯಿಂದ ಸಮುದ್ರಕ್ಕೆ ಬೀಳುತ್ತದೆ; ಒಳಗೆ ಟೇಲರ್‌ನ ಹೆಣ. ಕಾರು ಬೀಳುವುದನ್ನು ಕ್ಯಾಮೆರಾ ತೋರಿಸುವುದಿಲ್ಲ. ಸುದ್ದಿ ಪತ್ತೇದಾರ ಫಿಲಿಪ್ ಮಾರ್ಲೊನ ಕಿವಿಗೆ ಬೀಳುತ್ತದೆ, ಕಥೆ ಮುಂದಕ್ಕೆ ಓಡುತ್ತದೆ. ಹೊವಾರ್ಡ್ ಹಾಕ್ಸ್ ನಿರ್ದೇಶನದ, ಹಂಫ್ರಿ ಬೊಗಾರ್ಟ್ ಮತ್ತು ಲೊರೆನ್ ಬಕಾಲ್ ನಟಿಸಿದ ಈ ಚಿತ್ರ ತೆರೆಕಂಡದ್ದು 1946ರಲ್ಲಿ. ಅಭಿಮಾನಿಗಳ ವಾದ ಅಂದಿನಿಂದ ನಿಂತಿಲ್ಲ.

ಕನ್ನಡದ ಪತ್ತೇದಾರಿ ಓದುಗರಿಗೆ ಇಂಥ ಬಾಕಿ ಸುಲಭವಾಗಿ ಒಗ್ಗದು. ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಎನ್. ನರಸಿಂಹಯ್ಯ ಹುಟ್ಟಿದ್ದು ಚಿಕ್ಕಮಗಳೂರಿನಲ್ಲಿ, 1925ರಲ್ಲಿ. ಪುರುಷೋತ್ತಮನ ಪರಂಪರೆಯಲ್ಲಿ ಕೊನೆಯ ಪುಟ ಮುಗಿಯುವಷ್ಟರಲ್ಲಿ ಕೊಲೆಗಾರ ಸಿಗಬೇಕು, ಗಂಟು ಬಿಚ್ಚಬೇಕು. ಆ ರೂಢಿಯಲ್ಲಿ ಬೆಳೆದವರಿಗೆ ಟೇಲರ್‌ನ ಪ್ರಕರಣ ಅರ್ಧಕ್ಕೆ ಮುಚ್ಚಿದ ಕಡತದಂತೆ ಕಂಡರೆ ಆಶ್ಚರ್ಯವಿಲ್ಲ.

ಸಾಕ್ಷ್ಯಗಳೇನೂ ಕಡಿಮೆಯಿಲ್ಲ. ಟೇಲರ್‌ಗೆ ಜನರಲ್‌ನ ಕಿರಿಯ ಮಗಳು ಕಾರ್ಮೆನ್ ಮೇಲೆ ಪ್ರೀತಿ. ಅವಳಿಗೆ ಅಮಲು ಕುಡಿಸಿ ಫೋಟೊ ತೆಗೆದ ಗೈಗರ್‌ನನ್ನು ಅದೇ ರಾತ್ರಿ ಗುಂಡಿಟ್ಟು ಕೊಂದವನೂ ಅವನೇ. ಅವನ ಬೆನ್ನುಹತ್ತಿದ ಜೋ ಬ್ರೋಡಿ, ತಲೆಗೆ ಹೊಡೆದು ಫೋಟೊ ಕಿತ್ತುಕೊಂಡೆ ಎಂದು ಒಪ್ಪಿಕೊಳ್ಳುತ್ತಾನೆ. ಕೊಂದೆ ಎಂದು ಮಾತ್ರ ಒಪ್ಪುವುದಿಲ್ಲ. ಹೆಚ್ಚು ಕೇಳುವ ಮೊದಲೇ ಬಾಗಿಲಲ್ಲಿ ಗುಂಡು ತಿಂದು ಅವನೂ ಸಾಯುತ್ತಾನೆ. ರೇಮಂಡ್ ಚಾಂಡ್ಲರ್‌ನ 1939ರ ಮೂಲ ಕಾದಂಬರಿಯಲ್ಲಿ ಇನ್ನಷ್ಟು ವಿವರಗಳಿವೆ: ಕಾರಿನ ಕೈ ಥ್ರಾಟಲ್ ಅರ್ಧಕ್ಕೆ ಇಳಿದಿತ್ತು, ಚಾಲಕನ ಕತ್ತು ಮುರಿದಿತ್ತು.

ಇಲ್ಲಿಂದ ಅಭಿಮಾನಿಗಳು ಮೂರು ದಾರಿ ಹಿಡಿಯುತ್ತಾರೆ. ಬ್ರೋಡಿಯೇ ಕೊಂದು ಕಾರನ್ನು ನೀರಿಗೆ ಬಿಟ್ಟ ಎನ್ನುವುದು ಒಂದು. ಪ್ರೀತಿಸಿದವಳ ಮಾನ ಉಳಿಸಲು ಕೊಲೆಗಾರನಾದ ಚಾಲಕ ಹತಾಶೆಯಿಂದ ಪ್ರಾಣ ಕಳೆದುಕೊಂಡ ಎನ್ನುವುದು ಇನ್ನೊಂದು. ಪೆಟ್ಟಿನ ಮಂಪರಿನಲ್ಲಿ ದಾರಿ ತಪ್ಪಿದ ಎನ್ನುವುದು ಮೂರನೆಯದು. ಮೊದಲನೆಯದು ಹೆಚ್ಚು ಜನಪ್ರಿಯ, ಆದರೆ ದುರ್ಬಲ: ಬೇಕಾದ ಫೋಟೊ ಕೈಗೆ ಬಂದ ಮೇಲೆ ಪುಡಿಗಳ್ಳನೊಬ್ಬ ಕೊಲೆಯನ್ನು ಮೈಮೇಲೆ ಎಳೆದುಕೊಳ್ಳಲು ಕಾರಣವಿಲ್ಲ. ಮೂರನೆಯದಕ್ಕೆ ಥ್ರಾಟಲ್ ಅಡ್ಡ ಬರುತ್ತದೆ. ಎರಡನೆಯದೇ ಪಾತ್ರದ ಸ್ವಭಾವಕ್ಕೆ ಒಪ್ಪುತ್ತದೆ.

ಚಿತ್ರ ತಯಾರಿಸಿದವರಿಗೂ ಉತ್ತರ ಗೊತ್ತಿರಲಿಲ್ಲ. ಟೇಲರ್‌ನನ್ನು ಧಕ್ಕೆಯಿಂದ ತಳ್ಳಿದವರು ಯಾರೆಂದು ಬೊಗಾರ್ಟ್ ಸೆಟ್‌ನಲ್ಲಿ ಕೇಳಿದ, ಎಲ್ಲರೂ ತಬ್ಬಿಬ್ಬಾದರು ಎಂದು ಬಕಾಲ್ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಚಾಂಡ್ಲರ್‌ಗೇ ತಂತಿ ಹೋಯಿತು. ತನಗೂ ಗೊತ್ತಿಲ್ಲವೆಂಬುದೇ ಅವನ ಉತ್ತರವಾಗಿತ್ತು. 1949ರಲ್ಲಿ ಪ್ರಕಾಶಕ ಜೇಮಿ ಹ್ಯಾಮಿಲ್ಟನ್‌ಗೆ ಬರೆದ ಪತ್ರದಲ್ಲಿ ಈ ಪ್ರಸಂಗವನ್ನು ಅವನೇ ಹೇಳಿಕೊಂಡಿದ್ದಾನೆ. ವಿಲಿಯಂ ಫಾಕ್ನರ್, ಲೀ ಬ್ರಾಕೆಟ್, ಜೂಲ್ಸ್ ಫರ್ತ್‌ಮನ್‌ರಂಥವರು ಚಿತ್ರಕಥೆ ಬರೆದರೂ ಆ ರಂಧ್ರ ಮುಚ್ಚಲಿಲ್ಲ.

ರಂಧ್ರದ ಮೂಲ ಕಾದಂಬರಿಯ ಹೊಲಿಗೆಯಲ್ಲಿದೆ. ‘ಬ್ಲ್ಯಾಕ್ ಮಾಸ್ಕ್’ ಪತ್ರಿಕೆಗೆ ಬರೆದ ತನ್ನ ಸಣ್ಣಕಥೆಗಳನ್ನು ಬಿಚ್ಚಿ ಜೋಡಿಸಿ ಚಾಂಡ್ಲರ್ ಕಾದಂಬರಿ ಕಟ್ಟಿದ. ಚಾಲಕನ ಸಾವು ಬಂದದ್ದು 1935ರ ‘ಕಿಲ್ಲರ್ ಇನ್ ದಿ ರೇನ್’ ಕಥೆಯಿಂದ. ಜನರಲ್‌ಗೆ ಆಪ್ತನಾಗಿದ್ದು ಕಾಣೆಯಾದ ಶಾನ್ ರೀಗನ್‌ನ ಎಳೆ 1936ರ ‘ದಿ ಕರ್ಟನ್’ ಕಥೆಯಿಂದ. ಎರಡು ಕಥೆಗಳು ಸೇರಿದ ಕಡೆ ಟೇಲರ್ ಅನಾಥನಾಗಿ ಉಳಿದ.

ಉಳಿದ ಮಬ್ಬಿಗೆ ನೀತಿಸಂಹಿತೆ ಮತ್ತು ಕತ್ತರಿ ಕಾರಣ. ಗೈಗರ್‌ನ ಅಂಗಡಿಯಲ್ಲಿ ನಡೆಯುವುದು ಅಶ್ಲೀಲ ಪುಸ್ತಕಗಳ ವ್ಯಾಪಾರವೆಂದು ಅಂದಿನ ಹಾಲಿವುಡ್ ಬಿಡಿಸಿ ಹೇಳುವಂತಿರಲಿಲ್ಲ. ಕಾದಂಬರಿಯಲ್ಲಿ ರೀಗನ್‌ನನ್ನು ಕೊಂದವಳು ಕಾರ್ಮೆನ್. ಚಿತ್ರ ಅದನ್ನು ತೇಲಿಸಿಬಿಟ್ಟು, ಜೂಜುಕೋರ ಎಡ್ಡಿ ಮಾರ್ಸ್ ತನ್ನದೇ ಬಂಟರ ಗುಂಡಿಗೆ ಬೀಳುವುದರೊಂದಿಗೆ ಮುಗಿಯುತ್ತದೆ.

ಕತ್ತರಿಯ ಕೆಲಸ ಕಣ್ಣಿಗೆ ಬಿದ್ದದ್ದು ಹಳೆಯ ಪ್ರತಿ ಮತ್ತೆ ಬೆಳಕಿಗೆ ಬಂದಾಗ. 1944–45ರಲ್ಲಿ ಚಿತ್ರೀಕರಣವಾಗಿ, ಹೊರದೇಶದ ಅಮೆರಿಕನ್ ಸೈನಿಕರಿಗೆ ತೋರಿಸಿದ್ದ 1945ರ ಪ್ರತಿಯನ್ನು ಪುನರುದ್ಧರಿಸಿ 1997ರಲ್ಲಿ ಪ್ರದರ್ಶಿಸಲಾಯಿತು. ಅದರಲ್ಲಿ ಸರ್ಕಾರಿ ವಕೀಲರ ಕಚೇರಿಯ ಒಂದು ದೃಶ್ಯವಿದೆ; ಅಲ್ಲಿಯವರೆಗಿನ ಘಟನೆಗಳನ್ನು ಮಾರ್ಲೊ ಕುಳಿತು ವಿವರಿಸುತ್ತಾನೆ. ಬಿಡುಗಡೆಯ ಪ್ರತಿಯಲ್ಲಿ ಅದು ಮಾಯ. ಬದಲಿಗೆ ಬಕಾಲ್ ಮಿಂಚಲೆಂದು 1946ರ ಜನವರಿಯಲ್ಲಿ ಹೊಸ ದೃಶ್ಯಗಳನ್ನು ಸೇರಿಸಲಾಯಿತು; ಕುದುರೆ ಜೂಜಿನ ನೆಪದಲ್ಲಿ ಇಬ್ಬರೂ ಆಡುವ ತುಂಟ ಮಾತುಕತೆ ಅವುಗಳಲ್ಲೊಂದು. ಎರಡನ್ನೂ ಒಂದರ ನಂತರ ಒಂದು ನೋಡಿದರೆ ಸಂಗತಿ ಸ್ಪಷ್ಟ: ಮೊದಲನೆಯದು ಹೆಚ್ಚು ಅರ್ಥವಾಗುತ್ತದೆ, ಎರಡನೆಯದು ಹೆಚ್ಚು ಹಿಡಿಸುತ್ತದೆ.

ಗಂಟು ಬಿಚ್ಚದೆ ಬಿಡುವ ಈ ದಾರಿಗೆ ಕನ್ನಡ ಚಿತ್ರರಂಗ ತಡವಾಗಿ ಬಂತು. 1968ರ ‘ಜೇಡರ ಬಲೆ’ಯ ಸಿಐಡಿ 999 ಆಗಲಿ, ಹಾಡುಗಳನ್ನೇ ಕೈಬಿಟ್ಟ ಸುನಿಲ್ ಕುಮಾರ್ ದೇಸಾಯಿ ಅವರ 1989ರ ‘ತರ್ಕ’ವಾಗಲಿ ಲೆಕ್ಕ ಒಪ್ಪಿಸಿಯೇ ತೆರೆ ಎಳೆಯುತ್ತವೆ. ರಕ್ಷಿತ್ ಶೆಟ್ಟಿ ಅವರ 2014ರ ‘ಉಳಿದವರು ಕಂಡಂತೆ’ ಮಾತ್ರ ಭಿನ್ನ. ಮಲ್ಪೆಯ ಘಟನೆಯೊಂದನ್ನು ಪತ್ರಕರ್ತೆಯೊಬ್ಬಳು ಹಲವರಿಂದ ಕೇಳಿ ಜೋಡಿಸುತ್ತಾಳೆ. ಅಧ್ಯಾಯಗಳ ನಡುವಿನ ಬಿರುಕು ತುಂಬುವ ಕೆಲಸ ಪ್ರೇಕ್ಷಕರದು. ಗಲ್ಲಾಪೆಟ್ಟಿಗೆಯಲ್ಲಿ ಸೋತ ಆ ಚಿತ್ರವನ್ನು ಮುಂದೆ ಬದುಕಿಸಿದ್ದು ಅಭಿಮಾನಿಗಳ ಚರ್ಚೆಯೇ.

ಆದರೂ ಬಿಟ್ಟ ಎಳೆಗಳೆಲ್ಲ ಕಲೆಯಲ್ಲ. ಟೇಲರ್‌ನ ವಿಷಯದಲ್ಲಿ ನಡೆದದ್ದು ಲೇಖಕನ ಮರೆವು; ಅದನ್ನು ಜಾಣ್ಮೆಯೆಂದು ಹೊಗಳುವುದು ಅಭಿಮಾನದ ಅತಿರೇಕ. ಪ್ರತಿ ದೃಶ್ಯವೂ ತನ್ನ ಕಾಲ ಮೇಲೆ ಗಟ್ಟಿಯಾಗಿ ನಿಂತದ್ದರಿಂದ ಆ ಮರೆವನ್ನು ಚಿತ್ರ ದಕ್ಕಿಸಿಕೊಂಡಿತು. ಬಡಕಲು ದೃಶ್ಯಗಳ ಚಿತ್ರಕ್ಕೆ ಅದೇ ತಪ್ಪು ದುಬಾರಿಯಾಗುತ್ತದೆ. ವಾದಕ್ಕೆ ಇಳಿಯುವವರು ಮೊದಲು 1946ರ ಪ್ರತಿಯನ್ನೂ ಆಮೇಲೆ 1945ರದನ್ನೂ ನೋಡುವುದು ಒಳ್ಳೆಯದು.